ಭಾಸ್ಕರಾಚಾರ್ಯರು ಮತ್ತು ಶನಿಯ ಇಪ್ಪತ್ತೊಂಬತ್ತೂವರೆ ವರ್ಷ

ಹೋದ ವರ್ಷದ ಅಭ್ಯಾಸ ಪಾಠಗಳ ಹೊತ್ತಿನಲ್ಲಿ ನವನಗರಕ್ಕೆ ಸಮೀಪದ ಒಂದು ಶಾಲೆಯ ಆರನೇ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ವೀಕ್ಷಕನಾಗಿ ಕುಳಿತಿದ್ದೆ. ಪಾಠ ಸೌರವ್ಯೂಹದ್ದು. ಪ್ರಶಿಕ್ಷಣಾರ್ಥಿ ಒಳ್ಳೆಯ ತಯಾರಿ ಮಾಡಿಕೊಂಡು ಬಂದಿದ್ದ. ಎಂಟು ಗ್ರಹಗಳ ಬಣ್ಣದ ಚಾರ್ಟು, ಪಕ್ಕದಲ್ಲಿ ಒಂದು ಕೋಷ್ಟಕ: ಗ್ರಹದ ಹೆಸರು, ವ್ಯಾಸ, ಸೂರ್ಯನಿಂದ ದೂರ, ಒಂದು ಸುತ್ತಿಗೆ ಬೇಕಾಗುವ ಕಾಲ. ಮಕ್ಕಳು ಕೋಷ್ಟಕವನ್ನು ಗಟ್ಟಿಯಾಗಿ ಓದಿದರು. ಆಗ ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತು, ಶನಿ ಒಂದು ಸುತ್ತು ಹಾಕಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕು ಎನ್ನುವುದು ಹೇಗೆ ಗೊತ್ತಾಯಿತು, ಅಷ್ಟು ವರ್ಷ ಯಾರಾದರೂ ನೋಡುತ್ತ ನಿಂತಿದ್ದರೇ ಎಂದು ಕೇಳಿದಳು. ವಿಜ್ಞಾನಿಗಳು ದೂರದರ್ಶಕದಿಂದ ಕಂಡುಹಿಡಿದರು ಎಂದು ಪ್ರಶಿಕ್ಷಣಾರ್ಥಿ ಉತ್ತರಿಸಿದ. ಹುಡುಗಿ ಕುಳಿತಳು. ನಾನು ವೀಕ್ಷಣಾ ಪುಸ್ತಕದಲ್ಲಿ ಬೋಧನೋಪಕರಣದ ಬಳಕೆ ಉತ್ತಮ ಎಂದು ಬರೆದು ಸಹಿ ಹಾಕಿದೆ.

ಉತ್ತರ ತಪ್ಪು ಎಂದು ನನಗೆ ಹೊಳೆದದ್ದು ಸಂಜೆ ಮನೆಗೆ ಬಂದ ಮೇಲೆ. ದೂರದರ್ಶಕ ಆಕಾಶದ ಕಡೆಗೆ ತಿರುಗಿದ್ದು 1609ರಲ್ಲಿ. ಅದಕ್ಕಿಂತ ನಾಲ್ಕೂವರೆ ಶತಮಾನ ಹಿಂದೆಯೇ ಶನಿಯ ಸುತ್ತಿನ ಕಾಲವನ್ನು ದಿನಗಳ ಲೆಕ್ಕದಲ್ಲಿ ತಮ್ಮ ಗ್ರಂಥದಲ್ಲಿ ಕೊಟ್ಟವರು ಭಾಸ್ಕರಾಚಾರ್ಯರು. ಹುಡುಗಿಯ ಊಹೆಯೇ ಸರಿ, ಯಾರೋ ನೋಡುತ್ತ ನಿಂತಿದ್ದರು. ಒಬ್ಬರಲ್ಲ, ತಲೆಮಾರುಗಳಷ್ಟು ಜನ. ಪ್ರಶಿಕ್ಷಣಾರ್ಥಿಗೆ ಅದು ತಿಳಿದಿರಲಿಲ್ಲ. ಅವನಿಗೆ ಕಲಿಸುವ ನಾನೂ ಅದನ್ನು ಅವನಿಗೆ ಹೇಳಿರಲಿಲ್ಲ. ಈ ಲೇಖನ ಆ ಬಾಕಿಯನ್ನು ತೀರಿಸುವ ಪ್ರಯತ್ನ.

ಭಾಸ್ಕರಾಚಾರ್ಯರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ಈ ವರ್ಷವನ್ನು ಅವರೇ ತಮ್ಮ ಗ್ರಂಥದಲ್ಲಿ ದಾಖಲಿಸಿರುವುದರಿಂದ ಇದರ ಬಗ್ಗೆ ಚರ್ಚೆಯಿಲ್ಲ. ಚರ್ಚೆ ಇರುವುದು ಊರಿನ ಬಗ್ಗೆ. ಅವರು ತಮ್ಮ ಊರನ್ನು ವಿಜ್ಜಡವಿಡ ಎಂದು ಕರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎಂಬುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಂದಿರುವ ಅಭಿಪ್ರಾಯ. ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿ ಓದಿದ್ದೂ ಹಾಗೆಯೇ. ಆದರೆ ಊರು ಸಹ್ಯಾದ್ರಿಯ ಸಮೀಪದಲ್ಲಿತ್ತು ಎಂದೂ ಅವರು ಹೇಳಿರುವುದರಿಂದ, ಅದು ಈಗಿನ ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣದ ಆಸುಪಾಸಿನಲ್ಲಿದ್ದಿರಬೇಕು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ತರಗತಿಯಲ್ಲಿ ಎರಡನ್ನೂ ಹೇಳುವುದು ಒಳ್ಳೆಯದು. ಊರಿನ ಅಭಿಮಾನಕ್ಕಾಗಿ ಒಂದನ್ನು ಮುಚ್ಚಿಡುವ ಅಗತ್ಯವಿಲ್ಲ.

ತಂದೆ ಮಹೇಶ್ವರರು ಸ್ವತಃ ಜ್ಯೋತಿಷಶಾಸ್ತ್ರ ಬಲ್ಲವರು. ಅವರೇ ಮಗನಿಗೆ ಗುರು. ಬೇರೆ ಯಾವ ಗುರುಕುಲದ ಹೆಸರೂ ಭಾಸ್ಕರಾಚಾರ್ಯರ ಬರಹದಲ್ಲಿ ಬರುವುದಿಲ್ಲ. ಉಜ್ಜಯಿನಿಯ ವೇಧಶಾಲೆಗೆ ಅವರು ಮುಖ್ಯಸ್ಥರಾಗಿದ್ದರು ಎಂದು ಅನೇಕ ಪುಸ್ತಕಗಳಲ್ಲಿ ಅಚ್ಚಾಗಿದೆ. ಪ್ರಶಿಕ್ಷಣಾರ್ಥಿಗಳು ಅದನ್ನು ಪಾಠ ಟಿಪ್ಪಣಿಗೆ ಇಳಿಸುತ್ತಲೂ ಇರುತ್ತಾರೆ. ಅವರ ಗ್ರಂಥಗಳಲ್ಲಿ ಅದಕ್ಕೆ ಆಧಾರವಿಲ್ಲ. ಅಂದಿನ ಗಣಿತಜ್ಞರೆಲ್ಲ ಮಧ್ಯರೇಖೆಯನ್ನು ಉಜ್ಜಯಿನಿಯ ಮೇಲಿಂದ ಎಣಿಸುತ್ತಿದ್ದರು, ಇವರೂ ಹಾಗೆಯೇ ಎಣಿಸಿದರು. ಅದರಿಂದಲೇ ಈ ಮಾತು ಬೆಳೆದಿರಬಹುದು.

1150ರಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಗುರುಗ್ರಹ ಹನ್ನೆರಡು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲದಲ್ಲಿ ಒಂದು ಸುತ್ತು ಹಾಕುತ್ತದೆ, ಆದ್ದರಿಂದ ಆಗ ಅವರ ವಯಸ್ಸು ಸುಮಾರು ಮೂರು ಗುರುವರ್ಷ. ಹನ್ನೆರಡು ವರ್ಷದ ಮಕ್ಕಳಿಗೆ ನಿಮಗೀಗ ಒಂದು ಗುರುವರ್ಷ ಎಂದರೆ ಕಣ್ಣರಳಿಸುತ್ತಾರೆ. ಗ್ರಂಥದಲ್ಲಿ ನಾಲ್ಕು ಭಾಗಗಳು: ಲೀಲಾವತಿ ಅಂಕಗಣಿತಕ್ಕೆ, ಬೀಜಗಣಿತ ಹೆಸರೇ ಹೇಳುವಂತೆ, ಗ್ರಹಗಣಿತ ಗ್ರಹಗಳ ಸ್ಥಾನವನ್ನು ಲೆಕ್ಕ ಹಾಕುವುದಕ್ಕೆ, ಗೋಲಾಧ್ಯಾಯ ಆ ಲೆಕ್ಕಗಳ ಹಿಂದಿರುವ ಕಾರಣಗಳಿಗೆ. ಇದೇ ಕಾಲಕ್ಕೆ ಕಲ್ಯಾಣದಲ್ಲಿ ಬಸವಣ್ಣನವರ ಬದುಕು, ಇದೇ ಶತಮಾನದಲ್ಲಿ ಕನ್ನಡದಲ್ಲಿ ರಾಜಾದಿತ್ಯನ ವ್ಯವಹಾರಗಣಿತ. ಹನ್ನೆರಡನೇ ಶತಮಾನ ಎಂದೊಡನೆ ಮಕ್ಕಳಿಗೆ ಏನೂ ಕಾಣುವುದಿಲ್ಲ, ಬಸವಣ್ಣನವರ ಕಾಲ ಎಂದರೆ ಕಾಣುತ್ತದೆ.

ಲೀಲಾವತಿ ಅವರ ಮಗಳು, ಮದುವೆಯ ಮುಹೂರ್ತ ನೋಡಲು ಇಟ್ಟ ನೀರಿನ ಗಡಿಯಾರದೊಳಗೆ ಅವಳ ಮುತ್ತು ಬಿದ್ದು ಮುಹೂರ್ತ ತಪ್ಪಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಈ ಕಥೆ ನಮಗೆ ಬಂದಿರುವುದು 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದ ಮುನ್ನುಡಿಯಿಂದ. ಭಾಸ್ಕರಾಚಾರ್ಯರು ಎಲ್ಲಿಯೂ ಹೀಗೆ ಬರೆದಿಲ್ಲ. ಪೀಠಿಕೆಗೆ ಕಥೆ ಚೆನ್ನಾಗಿ ಒದಗುತ್ತದೆ. ಕಥೆ ಎಂದು ಹೇಳಿ ಬಳಸಿದರೆ ನನ್ನ ತಕರಾರಿಲ್ಲ.

ನಮ್ಮಂಥವರಿಗೆ ಈ ಜೀವನದಲ್ಲಿ ಹೆಚ್ಚು ಮುಖ್ಯವಾದದ್ದು ಬೇರೆ. ಭಾಸ್ಕರಾಚಾರ್ಯರು ಶ್ಲೋಕ ಬರೆದು ಸುಮ್ಮನಾಗಲಿಲ್ಲ. ತಮ್ಮ ಗ್ರಂಥಕ್ಕೆ ವಾಸನಾಭಾಷ್ಯ ಎಂಬ ಗದ್ಯ ವ್ಯಾಖ್ಯಾನವನ್ನು ತಾವೇ ಬರೆದರು. ಸೂತ್ರ ಏನು ಎಂದು ಹೇಳಿದರೆ ಸಾಲದು, ಅದು ಏಕೆ ಹಾಗಿದೆ ಎಂದು ಓದುವವನಿಗೆ ತಿಳಿಯಬೇಕು ಎಂಬ ಹಟ ಅದರಲ್ಲಿ ಕಾಣುತ್ತದೆ. ಗೋಲವನ್ನು ಅರಿಯದ ಗಣಕನನ್ನು ಅವರು ತುಪ್ಪವಿಲ್ಲದ ಊಟಕ್ಕೆ ಹೋಲಿಸುತ್ತಾರೆ. ಅವರ ಹೋಲಿಕೆಗಳೆಲ್ಲ ಹೀಗೆ, ಕೈಗೆಟಕುವ ವಸ್ತುಗಳಿಂದಲೇ. ಗುಡ್ಡ, ತೋಟ, ಊರುಗಳನ್ನು ಮೈತುಂಬ ಹೊತ್ತ ಭೂಮಿ ಕೇಸರಗಳಿಂದ ತುಂಬಿದ ಕದಂಬದ ಹೂವಿನ ಉಂಡೆಯಂತೆ. ಭೂಮಿಯ ಆಚೆ ಬದಿಯ ಜನ ನಮ್ಮ ದೃಷ್ಟಿಯಲ್ಲಿ ತಲೆಕೆಳಗಾಗಿದ್ದರೂ, ನೀರಿನ ದಂಡೆಯಲ್ಲಿ ನಿಂತವನ ಪ್ರತಿಬಿಂಬದ ಹಾಗೆ, ಅಲ್ಲಿ ನಿಶ್ಚಿಂತೆಯಾಗಿ ಇರುತ್ತಾರೆ. ದುಂಡಗಿನ ಭೂಮಿ ಚಪ್ಪಟೆಯಾಗಿ ಕಾಣುವುದೇಕೆ ಎಂಬ ಪ್ರಶ್ನೆಗೆ, ದೊಡ್ಡ ವೃತ್ತದ ಪರಿಧಿಯ ನೂರನೇ ಒಂದು ಭಾಗ ನೇರವಾಗಿಯೇ ಕಾಣುತ್ತದೆ ಎಂದು ತೋರಿಸುತ್ತಾರೆ. ಕಪ್ಪುಹಲಗೆಯ ಮೇಲೆ ದೊಡ್ಡದೊಂದು ವೃತ್ತ ಬರೆದು ಚಿಕ್ಕ ತುಂಡೊಂದನ್ನು ಬಿಟ್ಟು ಉಳಿದದ್ದನ್ನು ಅಳಿಸಿಬಿಟ್ಟರೆ ಆಯಿತು, ಪಾಠ ಮುಗಿಯಿತು. ಭೂಮಿಯನ್ನು ಹೊತ್ತಿರುವುದು ಯಾವುದು ಎಂಬುದಕ್ಕೂ ಅಷ್ಟೇ ನೇರವಾದ ಉತ್ತರ: ಹೊತ್ತದ್ದನ್ನು ಹೊರಲು ಇನ್ನೊಂದು ಬೇಕು, ಅದನ್ನು ಹೊರಲು ಮತ್ತೊಂದು, ಹೀಗೆ ಕೊನೆಯಿಲ್ಲ. ಕೊನೆಯದು ತನ್ನಷ್ಟಕ್ಕೆ ನಿಲ್ಲಬಲ್ಲದಾದರೆ ಮೊದಲನೆಯದೇ ಏಕೆ ನಿಲ್ಲಬಾರದು?

ಬೋಧನೋಪಕರಣಗಳ ಬಗ್ಗೆ ಅವರು ಒಂದು ಅಧ್ಯಾಯವನ್ನೇ ಬರೆದಿದ್ದಾರೆ ಎನ್ನಬಹುದು. ಗೋಲಾಧ್ಯಾಯದ ಯಂತ್ರಾಧ್ಯಾಯದಲ್ಲಿ ನೀರಿನ ಗಡಿಯಾರ, ಶಂಕು, ಚಕ್ರ, ಚಾಪ, ಕೋಲು, ತಾವೇ ರೂಪಿಸಿದ ಫಲಕಯಂತ್ರ ಎಲ್ಲವನ್ನೂ ವಿವರಿಸಿ, ಕಡೆಗೆ ಧೀಯಂತ್ರವನ್ನು, ಅಂದರೆ ಬುದ್ಧಿಯನ್ನು, ಎಲ್ಲಕ್ಕಿಂತ ಮೇಲೆ ಇಡುತ್ತಾರೆ. ಬುದ್ಧಿಯಿದ್ದವನಿಗೆ ಒಂದು ಕೋಲು ಸಾಕು ಎಂಬುದು ಅವರ ಅಭಿಪ್ರಾಯ. ಪ್ರಾಜೆಕ್ಟರ್ ಕೆಟ್ಟ ದಿನ ಈ ಅಧ್ಯಾಯ ನನಗೆ ನೆನಪಾಗುತ್ತದೆ.

ಈಗ ಗ್ರಹಗಳಿಗೆ ಬರೋಣ. ಅಂದಿನ ಲೆಕ್ಕದಲ್ಲಿ ಗ್ರಹಗಳು ಏಳು: ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ. ನಡುವೆ ಭೂಮಿ, ಸುತ್ತಲೂ ಇವು. ಈ ಸಾಲು ಹೋಲಿಕೆಯಿಂದಲೇ ಹುಟ್ಟಿದ್ದು, ಬೇಗ ಸುತ್ತುವುದು ಹತ್ತಿರ, ನಿಧಾನವಾಗಿ ಸುತ್ತುವುದು ದೂರ. ಶನೈಶ್ಚರ ಎಂಬ ಹೆಸರಿನ ಅರ್ಥವೇ ಮೆಲ್ಲಗೆ ನಡೆಯುವವನು. ವಾರದ ದಿನಗಳ ಸರದಿಯೂ ಇದರಿಂದಲೇ ಬಂದದ್ದು. ಶನಿಯಿಂದ ಚಂದ್ರನವರೆಗೆ ಮೇಲಿನಿಂದ ಕೆಳಗೆ ಬರೆದು, ಶನಿವಾರದ ಮೊದಲ ಗಂಟೆ ಶನಿಗೆ, ಎರಡನೆಯದು ಗುರುವಿಗೆ ಎಂದು ಎಣಿಸುತ್ತ ಹೋದರೆ ಇಪ್ಪತ್ತೈದನೇ ಗಂಟೆ ಸೂರ್ಯನ ಪಾಲಿಗೆ ಬೀಳುತ್ತದೆ, ಅದು ಭಾನುವಾರ. ಇನ್ನೂ ಇಪ್ಪತ್ತನಾಲ್ಕು ಎಣಿಸಿದರೆ ಚಂದ್ರ, ಸೋಮವಾರ. ಮಕ್ಕಳಿಗೆ ಇದನ್ನು ಬೆರಳೆಣಿಸಿ ಮಾಡಲು ಬಿಡಬೇಕು, ನಾವು ಹೇಳಿಬಿಡಬಾರದು.

ಹೋಲಿಸಲು ಎಲ್ಲಕ್ಕೂ ಒಂದೇ ಅಳತೆ ಬೇಕು. ಬ್ರಹ್ಮಗುಪ್ತನ ದಾರಿ ಹಿಡಿದು ಭಾಸ್ಕರಾಚಾರ್ಯರು ಬಳಸಿದ ಅಳತೆ ಕಲ್ಪ, ಅಂದರೆ 432 ಕೋಟಿ ವರ್ಷ. ಅಷ್ಟು ಕಾಲದಲ್ಲಿ ದಿನಗಳು 15,77,91,64,50,000. ಅಷ್ಟರಲ್ಲಿ ಗುರು ನಕ್ಷತ್ರಗಳ ನಡುವೆ ಹಾಕುವ ಸುತ್ತುಗಳು 36,42,26,455; ಶನಿಯವು 14,65,67,298. ಸಂಖ್ಯೆ ನೋಡಿ ಹೆದರುವುದು ಬೇಡ, ಭಾಗಿಸಿದರೆ ಸಾಕು. ಶನಿಗೆ 10,765.8 ದಿನ ಬರುತ್ತದೆ, ಇಂದಿನ ಪುಸ್ತಕಗಳಲ್ಲಿ ಸುಮಾರು 10,759. ಗುರುವಿಗೆ 4,332.2, ಇಂದಿನದು 4,332.6. ಮಂಗಳನಿಗೆ 687, ಇಂದಿನದೂ 687. ಬುಧ ಶುಕ್ರರ ವಿಷಯ ಸ್ವಲ್ಪ ತೊಡಕಿನದು. ಅವು ಸೂರ್ಯನ ಹತ್ತಿರವೇ ಕಾಣುವುದರಿಂದ ಅವುಗಳ ಸರಾಸರಿ ಸುತ್ತನ್ನು ಸೂರ್ಯನದೇ ಎಂದಿಟ್ಟುಕೊಂಡು, ಶೀಘ್ರೋಚ್ಚ ಎಂಬ ಬೇರೊಂದು ಬಿಂದುವಿಗೆ ಇನ್ನೊಂದು ಸುತ್ತು ಕೊಟ್ಟಿದ್ದಾರೆ. ಆ ಸುತ್ತುಗಳು 87.97 ಮತ್ತು 224.7 ದಿನ. ನಮ್ಮ ಚಾರ್ಟಿನಲ್ಲಿ ಬುಧ ಶುಕ್ರರು ಸೂರ್ಯನನ್ನು ಸುತ್ತುವ ಕಾಲ ಎಂದು ಬರೆಯುವುದೂ ಅದನ್ನೇ, 88 ಮತ್ತು 225.

ಇಷ್ಟು ನಿಖರತೆ ಬಂದದ್ದು ಬರಿಗಣ್ಣಿನಿಂದ, ಬಹುಕಾಲ ನೋಡಿದ್ದರಿಂದ. ಒಂದೇ ಸುತ್ತನ್ನು ಅಳೆದರೆ ಹತ್ತು ಹದಿನೈದು ದಿನ ಆಚೀಚೆ ಆಗಬಹುದು. ಇಪ್ಪತ್ತು ಸುತ್ತುಗಳನ್ನು ಅಳೆದು ಇಪ್ಪತ್ತರಿಂದ ಭಾಗಿಸಿದರೆ ಆ ತಪ್ಪೂ ಇಪ್ಪತ್ತು ಪಾಲಾಗುತ್ತದೆ. ಶನಿಯ ಇಪ್ಪತ್ತು ಸುತ್ತು ಎಂದರೆ ಸುಮಾರು ಆರು ನೂರು ವರ್ಷ. ಆದ್ದರಿಂದ ಅಜ್ಜ ನೋಡಿದ್ದನ್ನು ಮೊಮ್ಮಗ ಮುಂದುವರಿಸಬೇಕು, ಗುರು ಬರೆದಿಟ್ಟದ್ದನ್ನು ಶಿಷ್ಯ ಕಾಯಬೇಕು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಇದು.

ಇನ್ನು ದೂರ. ಇಲ್ಲಿ ಭಾಸ್ಕರಾಚಾರ್ಯರೂ ಪರಂಪರೆಯ ಒಂದು ಊಹೆಯನ್ನು ಒಪ್ಪಿಕೊಂಡರು: ಎಲ್ಲ ಗ್ರಹಗಳೂ ದಿನಕ್ಕೆ ಸಮನಾದ ದೂರ ನಡೆಯುತ್ತವೆ, ಸುಮಾರು 11,858¾ ಯೋಜನ. ಹಾಗಿದ್ದರೆ ಸುತ್ತಿನ ಕಾಲ ಎಷ್ಟು ಪಟ್ಟು ಹೆಚ್ಚೋ ಕಕ್ಷೆಯೂ ಅಷ್ಟೇ ಪಟ್ಟು ದೊಡ್ಡದು. ಚಂದ್ರನ ಕಕ್ಷೆ 3,24,000 ಯೋಜನ. ಅದರಿಂದ ಚಂದ್ರನ ದೂರ 51,566 ಯೋಜನ, ಭೂಮಿಯ ವ್ಯಾಸ 1,581. ಅಂದರೆ ಚಂದ್ರ ಭೂಮಿಯ ತ್ರಿಜ್ಯದ 65 ಪಟ್ಟು ದೂರದಲ್ಲಿದ್ದಾನೆ. ನಿಜವಾದ ಸರಾಸರಿ ಸುಮಾರು 60. ಮೆಚ್ಚಬೇಕಾದದ್ದೇ. ಆದರೆ ಅದೇ ಊಹೆಯಿಂದ ಸೂರ್ಯನ ದೂರ ಭೂಮಿಯ ತ್ರಿಜ್ಯದ 872 ಪಟ್ಟು ಎಂದು ಬರುತ್ತದೆ, ನಿಜದಲ್ಲಿ 23,000ಕ್ಕೂ ಹೆಚ್ಚು. ಶನಿ ಸೂರ್ಯನಿಗಿಂತ ಇಪ್ಪತ್ತೊಂಬತ್ತೂವರೆ ಪಟ್ಟು ದೂರ ಎಂದು ಬರುತ್ತದೆ, ನಿಜದಲ್ಲಿ ಒಂಬತ್ತೂವರೆ ಪಟ್ಟು. ಕಾಲದ ಹೋಲಿಕೆ ಸರಿ, ದೂರದ ಹೋಲಿಕೆ ತಪ್ಪು. ಮೊದಲನೆಯದನ್ನು ನೋಡಿ ಪಡೆದಿದ್ದರು, ಎರಡನೆಯದನ್ನು ಊಹಿಸಿ ಪಡೆದಿದ್ದರು. ದೂರಕ್ಕೂ ಕಾಲಕ್ಕೂ ಇರುವ ನಿಜವಾದ ಸಂಬಂಧವನ್ನು ಕೆಪ್ಲರ್ ಪ್ರಕಟಿಸಿದ್ದು 1619ರಲ್ಲಿ.

ನಮ್ಮ ಕೆಲವು ಸಹೋದ್ಯೋಗಿಗಳು ಈ ಎರಡನೇ ಭಾಗವನ್ನು ಮಕ್ಕಳಿಗೆ ಹೇಳಬಾರದು, ಹಿರಿಯರ ಮೇಲಿನ ಗೌರವ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನ್ನ ಅನುಭವ ಬೇರೆ. ಈ ವರ್ಷ ಅದೇ ಪ್ರಕರಣವನ್ನು ಇನ್ನೊಬ್ಬ ಪ್ರಶಿಕ್ಷಣಾರ್ಥಿನಿಯಿಂದ ಮೈದಾನದಲ್ಲಿ ಮಾಡಿಸಿದೆವು. ನಡುವೆ ಒಂದು ಗೂಟ, ಅದಕ್ಕೆ ಹಗ್ಗ. ಒಂದು ಮೀಟರಿಗೆ ಭೂಮಿಯ ವೃತ್ತ, ಐದು ಮೀಟರಿಗೆ ಸ್ವಲ್ಪ ಮೇಲೆ ಗುರುವಿನದು, ಒಂಬತ್ತೂವರೆ ಮೀಟರಿಗೆ ಶನಿಯದು, ಎಲ್ಲವನ್ನೂ ಸುಣ್ಣದ ಪುಡಿಯಿಂದ ಗುರುತು ಮಾಡಿದ್ದಾಯಿತು. ಮೂವರು ಮಕ್ಕಳು ಒಂದೇ ವೇಗದಲ್ಲಿ ನಡೆದರು. ಭೂಮಿಯಾಗಿದ್ದವನು ಸುತ್ತುಗಳನ್ನು ಕೂಗಿ ಎಣಿಸಿದ. ಶನಿಯ ಒಂದು ಸುತ್ತು ಮುಗಿದಾಗ ಭೂಮಿಯ ಸುತ್ತು ಹತ್ತರ ಆಸುಪಾಸು, ಇಪ್ಪತ್ತೊಂಬತ್ತಲ್ಲ. ಮಕ್ಕಳು ಗಲಾಟೆ ಎಬ್ಬಿಸಿದರು. ಪುಸ್ತಕದಲ್ಲಿ ಇಪ್ಪತ್ತೊಂಬತ್ತೂವರೆ ಇದೆಯಲ್ಲ! ಹಾಗಿದ್ದರೆ ಏನು ಮಾಡಬೇಕು ಎಂದು ಪ್ರಶಿಕ್ಷಣಾರ್ಥಿನಿ ಕೇಳಿದಳು. ಒಬ್ಬ ಶನಿಯನ್ನು ಇನ್ನೂ ದೂರ ಕಳಿಸಬೇಕು ಎಂದ. ಇನ್ನೊಬ್ಬಳು ಶನಿ ಇನ್ನೂ ಮೆಲ್ಲಗೆ ನಡೆಯಬೇಕು ಎಂದಳು. ಮೊದಲನೆಯದು ಭಾಸ್ಕರಾಚಾರ್ಯರ ಉತ್ತರ, ಎರಡನೆಯದು ಈಗ ನಾವು ತಿಳಿದಿರುವುದು. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡಿದರೆ ಶನಿ ಹತ್ತಕ್ಕೂ ಸ್ವಲ್ಪ ಕಡಿಮೆ. ಎರಡು ಉತ್ತರಗಳೂ ಮಕ್ಕಳ ಬಾಯಿಂದಲೇ ಬಂದವು. ಮೊದಲನೆಯದನ್ನು ಹೇಳಿದ ಹುಡುಗನಿಗೆ, ಎಂಟು ನೂರು ವರ್ಷಗಳ ಹಿಂದೆ ನಿನ್ನಂತೆಯೇ ಯೋಚಿಸಿದ ದೊಡ್ಡ ಗಣಿತಜ್ಞರೊಬ್ಬರಿದ್ದರು ಎಂದು ತಿಳಿಸಿದಾಗ ಅವನ ಮುಖ ನೋಡಬೇಕಿತ್ತು. ಗೌರವ ಕಡಿಮೆಯಾದಂತೆ ನನಗೆ ಕಾಣಲಿಲ್ಲ.

ಹೀಗೆ ಪಾಠ ಮಾಡುವುದು ನಮ್ಮ ಹೊಸ ಕಲ್ಪನೆಯೂ ಅಲ್ಲ. 1830ರ ದಶಕದಲ್ಲಿ ಭೋಪಾಲದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಲ್ಯಾನ್ಸ್‌ಲಾಟ್ ವಿಲ್ಕಿನ್ಸನ್ ಸೀಹೋರಿನ ಶಾಲೆಯಲ್ಲಿ ಇದನ್ನೇ ಮಾಡಿದ. ಕೋಪರ್ನಿಕಸನ ಸಿದ್ಧಾಂತವನ್ನು ನೇರವಾಗಿ ಹೇರುವ ಬದಲು ಮೊದಲು ಸಿದ್ಧಾಂತಶಿರೋಮಣಿಯನ್ನು ಕಲಿಸಿ, ಅಲ್ಲಿಂದ ಮುಂದಕ್ಕೆ ಕರೆದೊಯ್ದ. ಅಲ್ಲಿನ ಪಂಡಿತ ಸುಬಾಜಿ ಬಾಪು ಪುರಾಣದ ಲೋಕ, ಸಿದ್ಧಾಂತದ ಲೋಕ, ಕೋಪರ್ನಿಕಸನ ಲೋಕ ಮೂರನ್ನೂ ಹೋಲಿಸಿ 1836ರಲ್ಲಿ ಮರಾಠಿಯಲ್ಲಿ ಪುಸ್ತಕ ಬರೆದ. ಅದೇ ಶಾಲೆಯಲ್ಲಿ ಓದಿದ ಬಾಪೂದೇವ ಶಾಸ್ತ್ರಿಗಳು ವಿಲ್ಕಿನ್ಸನ್ ಮಾಡಿದ್ದ ಗೋಲಾಧ್ಯಾಯದ ಇಂಗ್ಲಿಷ್ ಅನುವಾದವನ್ನು ತಿದ್ದಿ 1861ರಲ್ಲಿ ಹೊರತಂದರು. ತಿಳಿದದ್ದರಿಂದ ತಿಳಿಯದ್ದಕ್ಕೆ ಎಂದು ನಾವು ಪ್ರತಿ ಪಾಠ ಯೋಜನೆಯಲ್ಲಿ ಬರೆಯುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭಾಸ್ಕರಾಚಾರ್ಯರ ಬದುಕಿನ ಕೊನೆಯ ದಾಖಲೆ 1183ರದು. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಕರಣಕುತೂಹಲ ಎಂಬ ಚಿಕ್ಕ ಗ್ರಂಥ ಬರೆದರು. ಗ್ರಹಗಳ ಸ್ಥಾನವನ್ನು ಸುಲಭ ಲೆಕ್ಕದಲ್ಲಿ ತೆಗೆಯುವ ಕೈಪಿಡಿ ಅದು. ಕಲ್ಪದ ಆ ದೈತ್ಯ ಸಂಖ್ಯೆಗಳನ್ನು ಬಿಟ್ಟು ಸಮೀಪದ ದಿನದಿಂದ ಎಣಿಸುವ ಕ್ರಮ. ದೊಡ್ಡ ಗ್ರಂಥ ಬರೆದವರು ಮುಪ್ಪಿನಲ್ಲಿ ಪಂಚಾಂಗ ಮಾಡುವವರಿಗಾಗಿ ಸರಳ ಪುಸ್ತಕ ಬರೆಯಲು ಕುಳಿತರು. ಎರಡು ಗ್ರಂಥಗಳ ನಡುವಿನ ಮೂವತ್ತಮೂರು ವರ್ಷಗಳಲ್ಲಿ ಶನಿ ಒಂದು ಸುತ್ತು ಮುಗಿಸಿ ಎರಡನೆಯದನ್ನು ಶುರು ಮಾಡಿದ್ದ. ಅವರು ಅದನ್ನು ನೋಡಿರಲೇಬೇಕು.

ಮಗ ಲಕ್ಷ್ಮೀಧರನನ್ನು ಯಾದವ ದೊರೆ ಜೈತ್ರಪಾಲ ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಮೊಮ್ಮಗ ಚಾಂಗದೇವ ದೊರೆ ಸಿಂಘಣನ ಆಸ್ಥಾನದ ಮುಖ್ಯ ಜ್ಯೋತಿಷಿಯಾದ. ಅಜ್ಜನ ಗ್ರಂಥಗಳ ಅಧ್ಯಯನಕ್ಕೆಂದೇ ಚಾಂಗದೇವ ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದ. ಅದಕ್ಕೆ 1207ರಲ್ಲಿ ಬಿಟ್ಟ ದತ್ತಿಯ ಶಾಸನ ಅಲ್ಲಿನ ದೇವಾಲಯದಲ್ಲಿ ದೊರೆತಿದೆ. ಮನೆತನದ ವಂಶಾವಳಿ ನಮಗೆ ಗೊತ್ತಾಗಿರುವುದು ಆ ಕಲ್ಲಿನಿಂದಲೇ. ಒಬ್ಬ ಲೇಖಕನ ಪುಸ್ತಕಗಳನ್ನು ಕಲಿಸಲು ಕಟ್ಟಿದ ಶಾಲೆ, ಅದೂ ಅವರು ಕೊನೆಯ ಗ್ರಂಥ ಬರೆದ ಇಪ್ಪತ್ತನಾಲ್ಕೇ ವರ್ಷಕ್ಕೆ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ. ಮೈದಾನದ ಪಾಠಕ್ಕೆ ಮೂವತ್ತು ಮೀಟರ್ ಹಗ್ಗ ತೆಗೆದುಕೊಂಡು ಹೋಗಿ. ಭಾಸ್ಕರಾಚಾರ್ಯರ ಶನಿಯನ್ನು ಇಪ್ಪತ್ತೊಂಬತ್ತೂವರೆ ಮೀಟರಿಗೆ ನಿಲ್ಲಿಸಬೇಕೆಂದು ಹುಡುಗರು ಹಟ ಹಿಡಿದಾಗ ನಮ್ಮ ಹಗ್ಗ ಸಾಲಲಿಲ್ಲ. ಒಬ್ಬ ಹುಡುಗ ಹೆಜ್ಜೆಯಲ್ಲೇ ಅಳೆಯುತ್ತ ಹೋಗಿ ಕಾಂಪೌಂಡ್ ಗೋಡೆ ಮುಟ್ಟಿದ. ಇನ್ನೂ ನಾಲ್ಕು ಹೆಜ್ಜೆ ಬಾಕಿ ಇದೆ ಎಂದು ಅಲ್ಲಿಂದಲೇ ಕೂಗಿ ಹೇಳಿದ.